ಏಳು ಸಲ ಮಾರಾಟವಾದ ಮನೆ

ಭೂಗೋಳದ ಮೇಷ್ಟ್ರಿಗೆ ಪ್ರಪಂಚದ ಅಷ್ಟೂ ರಾಜಧಾನಿಗಳು ಬಾಯಿಪಾಠ. ಯಾವ ನದಿ ಎಲ್ಲಿ ಹುಟ್ಟಿ, ಎಲ್ಲೆಲ್ಲಿ ತಿರುಗಿ, ಯಾವ ಸಮುದ್ರ ಸೇರುತ್ತದೆಂಬುದನ್ನು ಕಣ್ಣು ಮುಚ್ಚಿ ಹೇಳುತ್ತಿದ್ದರು. ಕಣ್ಣು ತೆರೆದರೆ ಮಾತ್ರ ಕಷ್ಟ. ಬಸ್ ನಿಲ್ದಾಣದಿಂದ ಮನೆಗೆ ಇದ್ದದ್ದು ಎರಡೇ ತಿರುವು. ಅದರಲ್ಲಿ ಒಂದನ್ನು ವಾರಕ್ಕೊಮ್ಮೆಯಾದರೂ ತಪ್ಪುತ್ತಿದ್ದರು. ಒಮ್ಮೆ ಹಿಂದಿನ ಬೀದಿಯಲ್ಲಿ ತಮ್ಮ ಮನೆಯದರಂಥದೇ ಹಸಿರು ಗೇಟು ಕಂಡು ಒಳಗೆ ಹೋಗಿ, ಚಪ್ಪಲಿ ಬಿಟ್ಟು, ಕುರ್ಚಿಯಲ್ಲಿ ಕೂತು, ಆ ಮನೆಯವರು ಗಾಬರಿಯಲ್ಲಿ ತಂದುಕೊಟ್ಟ ಕಾಫಿಯನ್ನು ಪೂರ್ತಿ ಕುಡಿದು, ಲೋಟ ಕೆಳಗಿಟ್ಟ ಮೇಲೆ, "ಪರದೆ ಯಾವಾಗ ಬದಲಾಯಿಸಿದೆ?" ಎಂದು ಕೇಳಿದ್ದರು.

ಅವರ ಹೆಂಡತಿ ಇದಕ್ಕೆ ತದ್ವಿರುದ್ಧ. ಅಂಚೆ ಕಚೇರಿಯ ಕೌಂಟರಿನಲ್ಲಿ ಹದಿನಾರು ವರ್ಷ ಕೂತವಳು. ಅರ್ಧ ವಿಳಾಸ ಬರೆದ ಲಕೋಟೆಯನ್ನೂ ಸರಿಯಾದ ಬಾಗಿಲಿಗೆ ಮುಟ್ಟಿಸಿದ ಖ್ಯಾತಿ ಅವಳದು. ಗಂಡನೊಬ್ಬನನ್ನು ಮಾತ್ರ ಹಾಗೆ ಮುಟ್ಟಿಸಲು ಆಗುತ್ತಿರಲಿಲ್ಲ.

ಊರಂಚಿನ ಬಡಾವಣೆಯಲ್ಲಿ ಅವರ ಮಹಡಿ ಮನೆ. ಕೊಂಡು ಒಂಬತ್ತು ವರ್ಷವಾಗಿತ್ತು. ಮಕ್ಕಳಿಲ್ಲ. ಮನೆಗೆ ನಿತ್ಯ ಬರುತ್ತಿದ್ದವರೆಂದರೆ ಹೆಂಡತಿಯ ಕಡೆಯ ದೊಡ್ಡಪ್ಪ ಒಬ್ಬರೇ. ಎದುರು ಸಾಲಿನ ಪುಟ್ಟ ಮನೆಯಲ್ಲಿ ಒಂಟಿಯಾಗಿದ್ದರು. ಬೆಳಿಗ್ಗೆ ಆರೂವರೆಗೆ ಗೇಟು ಕಿರ್ರೆನ್ನುವುದು. ನೇರ ಅಡುಗೆಮನೆಗೆ ಬಂದು, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ಮೇಷ್ಟ್ರ ಪತ್ರಿಕೆಯನ್ನು ಮೇಷ್ಟ್ರಿಗಿಂತ ಮೊದಲು ಬಿಡಿಸಿ, ಕಾಫಿ ಕುಡಿಯುತ್ತಾ ಮನೆಯ ಲೋಪದೋಷಗಳನ್ನು ಒಂದೊಂದಾಗಿ ಹೇಳುವರು. ನಲ್ಲಿ ಸೋರುತ್ತಿದೆ. ಹಾಲು ನೀರಾಗಿದೆ. ಮೇಷ್ಟ್ರ ಎಡಗಾಲಿನ ಕಾಲುಚೀಲ ಬೇರೆ ಜೋಡಿಯದು. ಎಂಟು ಗಂಟೆಗೆ ಎದ್ದು ಲೋಟ ತೊಳೆದಿಟ್ಟು ಹೊರಡುವರು. ಮೇಷ್ಟ್ರು ಹೂಂ ಅನ್ನದೆ ಊಹೂಂ ಅನ್ನದೆ ಎಲ್ಲವನ್ನೂ ಸಹಿಸಿದ್ದರು. ಹೆಂಡತಿಯ ಕಡೆಯವರ ವಿಷಯದಲ್ಲಿ ಬಾಯಿ ಬಿಡಬಾರದೆಂಬ ಬುದ್ಧಿ, ದಾರಿ ತಪ್ಪುವ ಗಂಡಸಿಗೂ ಇರುತ್ತದೆ.

ಹೀಗಿರುವಾಗ ಒಂದು ಗುರುವಾರ ಗಣಿತದ ಮೇಷ್ಟ್ರು ಸ್ಟಾಫ್ ರೂಮಿನಲ್ಲಿ ಮೊಬೈಲು ಹಿಡಿದು ಕೂತಿದ್ದರು.

"ನೋಡಿ ಸಾರ್, ಹೊಸ ವೆಬ್‌ಸೈಟು. ಯಾವ ಮನೆ ವಿಳಾಸ ಹಾಕಿದ್ರೂ ಅದರ ಪೂರ್ತಿ ಜಾತಕ ಬರುತ್ತೆ. ನಮ್ಮನೆ ನೋಡಿ. ಕೋಣೆ ಮೂರು, ಪಾರ್ಕಿಗೆ ನಾಲ್ಕು ನಿಮಿಷ, ಆಸ್ಪತ್ರೆಗೆ ಆರು ನಿಮಿಷ, ಕಟ್ಟಿದಾಗಿನಿಂದ ಒಬ್ಬನೇ ಮಾಲೀಕ."

"ನಮ್ಮನೇದೂ ಹಾಕಿ ನೋಡೋಣ," ಎಂದರು ಭೂಗೋಳದ ಮೇಷ್ಟ್ರು. ಇರಲಾರದೆ ಇರುವೆ ಬಿಟ್ಟುಕೊಳ್ಳುವುದೆಂದರೆ ಇದೇ.

ಪರದೆಯ ಮೇಲೆ ಹಸಿರು ಗೇಟಿನ ಮನೆ ಮೂಡಿತು. ಮಲಗುವ ಕೋಣೆ ಎರಡು. ಸ್ನಾನದ ಮನೆ ಒಂದು. ಹತ್ತಿರದ ಸೌಕರ್ಯ: ಮೋರಿ, ಐವತ್ತು ಮೀಟರು. ಅದರ ಕೆಳಗೆ ಮಾರಾಟದ ಇತಿಹಾಸ. ಗಣಿತದ ಮೇಷ್ಟ್ರು ಬೆರಳಲ್ಲಿ ಸರಿಸಿದರು, ಸರಿಸುತ್ತಲೇ ಹೋದರು.

"ಏಳು ಸಲ ಮಾರಾಟ ಆಗಿದೆಯಲ್ಲ ಸಾರ್. ಬಿಲ್ಡರು ಮಾರಿದ್ದು ಮೊದಲನೇದು, ನೀವು ಕೊಂಡಿದ್ದು ಏಳನೇದು. ಮಧ್ಯೆ ಹನ್ನೊಂದು ವರ್ಷಕ್ಕೆ ಆರು ಕುಟುಂಬ. ಸರಾಸರಿ ಇಪ್ಪತ್ತೆರಡು ತಿಂಗಳು. ಇವರು ನೋಡಿ, ಐದೇ ತಿಂಗಳಿಗೆ ಓಡಿದ್ದಾರೆ."

"ಓಡಿದ್ದಾರೆ ಅಂತ ಎಲ್ಲಿದೆ?"

"ಬರೆದಿಲ್ಲ. ಆದ್ರೂ ಗೊತ್ತಾಗುತ್ತಲ್ಲ."

ಡ್ರಾಯಿಂಗ್ ಟೀಚರ್ ಹತ್ತಿರ ಬಂದು, "ಮನೇಲಿ ರಾತ್ರಿ ಏನಾದ್ರೂ ಸದ್ದಾಗುತ್ತಾ ಸಾರ್?" ಎಂದು ಮೆಲ್ಲಗೆ ಕೇಳಿದರು. ತಮಗೆ ನಿದ್ದೆ ಚೆನ್ನಾಗಿ ಬರುತ್ತದೆಂದು ಮೇಷ್ಟ್ರು ಹೇಳಿದರು. "ಅದೇ ಲಕ್ಷಣ," ಎಂದರು ಟೀಚರ್.

ಮೇಷ್ಟ್ರಿಗೆ ಮನೆ ಮುಟ್ಟುವತನಕ ಅದೇ ಕೊರಗು. ಭಯಕ್ಕಿಂತ ಹೆಚ್ಚಾಗಿ ಮಾನದ ಪ್ರಶ್ನೆ. ಗಣಿತದವನ ಮನೆಗೆ ಪಾರ್ಕು, ತಮ್ಮ ಮನೆಗೆ ಮೋರಿಯೇ? ಹೆಂಡತಿ ಇನ್ನೂ ಬಂದಿರಲಿಲ್ಲ. ಮೊಬೈಲಿನಲ್ಲಿ ಆ ಪುಟ ತೆರೆದರು. ಮೂಲೆಯಲ್ಲಿ ಒಂದು ಗುಂಡಿ: "ನೀವು ಈ ಮನೆಯ ಮಾಲೀಕರೇ? ವಿವರಗಳನ್ನು ತಿದ್ದಿ."

ಮೇಷ್ಟ್ರು ಸುಳ್ಳು ಹೇಳುವವರಲ್ಲ. ಇದ್ದದ್ದನ್ನೇ ತಮ್ಮ ಶಾಸ್ತ್ರದ ಭಾಷೆಯಲ್ಲಿ ಬರೆದರು. ಹಳೆ ಪಠ್ಯಪುಸ್ತಕ ತುಂಬಿಟ್ಟ ಸಾಮಾನಿನ ಕೋಣೆ "ಗ್ರಂಥಾಲಯ" ಆಯಿತು. ಮಹಡಿಯ ಮೇಲಿನ ನೀರಿನ ಟ್ಯಾಂಕು "ಎತ್ತರದ ಜಲಾಶಯ" ಆಯಿತು. ಮೋರಿಯನ್ನು ಅಳಿಸಿ "ಪೂರ್ವಕ್ಕೆ ಋತುಮಾನದ ಹೊಳೆ" ಎಂದು ತುಂಬಿದರು. ಕೊನೆಗೆ ಒಂದು ಪ್ರಶ್ನೆ: "ಮನೆ ಲಭ್ಯವಿದೆಯೇ?" ಮೇಷ್ಟ್ರು ಸುತ್ತ ನೋಡಿದರು. ಗೋಡೆಯಿತ್ತು, ಸೂರಿತ್ತು, ತಾವು ಅದರೊಳಗೇ ಕೂತಿದ್ದರು. ಲಭ್ಯವಿದೆ ಎಂದು ಗುರುತು ಹಾಕಿದರು. "ಬಂದು ನೋಡಲು ಅನುಕೂಲವಾದ ಸಮಯ?" ತಿದ್ದುಪಡಿ ನಿಜವೋ ಅಲ್ಲವೋ ಎಂದು ಕಚೇರಿಯವರು ಬಂದು ನೋಡುವುದು ನ್ಯಾಯವೇ. ಭಾನುವಾರ ಬೆಳಿಗ್ಗೆ ಏಳೂವರೆ ಎಂದು ಬರೆದು, ಕಳಿಸಿ, ನೆಮ್ಮದಿಯಿಂದ ಕೈ ತೊಳೆದುಕೊಂಡರು.

ಶುಕ್ರವಾರ ಸಂಜೆ ಬೀದಿಯಲ್ಲಿ ವಿಚಿತ್ರವಾದ ಬೆಳವಣಿಗೆಗಳಾದವು. ಎಡಗಡೆ ಮನೆಯ ಡ್ರೈವಿಂಗ್ ಸ್ಕೂಲಿನವನು ಮೂರು ವರ್ಷದ ಹಿಂದೆ ಒಯ್ದಿದ್ದ ಏಣಿಯನ್ನು ಹೊತ್ತು ತಂದು ಗೋಡೆಗೆ ಒರಗಿಸಿದ.

"ಋಣ ಇಟ್ಕೋಬಾರ್ದು ಸಾರ್. ಹಾಗೇ ನಮ್ಮ ನೀರಿನ ಪೈಪು ನಿಮ್ಮಲ್ಲಿದೆ, ಕೊಟ್ಬಿಡಿ."

ಅವನ ಬೆನ್ನಿಗೇ ಬಲಗಡೆ ಮನೆಯ ಟೈಲರಮ್ಮ ಬಂದಳು. ಮೇಷ್ಟ್ರ ಮನೆಯ ದೊಡ್ಡ ಪಾತ್ರೆ, ಕೊಡೆ, ಎರಡು ಚಮಚ ತಂದಿದ್ದಳು. ಹೊಲಿಯಲು ಕೊಟ್ಟು ಎರಡು ವರ್ಷವಾಗಿದ್ದ ಮೇಷ್ಟ್ರ ಪ್ಯಾಂಟೂ ಹೊಲಿಗೆ ಮುಗಿಸಿಕೊಂಡು ಬಂದಿತ್ತು. ಅವಳ ಕಣ್ಣಲ್ಲಿ ನೀರಿತ್ತು.

"ಎಲ್ಲಿಗೆ ಅಂತ ನಾನು ಕೇಳಲ್ಲ ಬಿಡಿ ಮೇಷ್ಟ್ರೇ. ಹೇಳೋ ಮನಸ್ಸಿದ್ದಿದ್ರೆ ನೀವೇ ಹೇಳ್ತಿದ್ರಿ."

"ಸ್ಕೂಲಿಗೇ ಕಣಮ್ಮ. ಇನ್ನೆಲ್ಲಿಗೆ ಹೋಗಲಿ?"

"ಆಗಲಿ. ಚೆನ್ನಾಗಿರಿ," ಎಂದು ಸೆರಗಿನಿಂದ ಮೂಗೊರೆಸಿಕೊಂಡು ಹೋದಳು.

ಅಂತೂ ಈ ಬೀದಿಗೆ ಒಳ್ಳೆಯ ಬುದ್ಧಿ ಬಂತೆಂದು ಮೇಷ್ಟ್ರು ಹರ್ಷಪಟ್ಟರು.

ನಿಜಾಂಶ ಮೊದಲು ತಿಳಿದದ್ದು ಹೆಂಡತಿಗೆ, ಅದೂ ಶನಿವಾರ, ಅವಳದೇ ಕೌಂಟರಿನಲ್ಲಿ. ಪೋಸ್ಟ್‌ಮ್ಯಾನ್ ಒಂದು ಖಾಲಿ ಫಾರಂ ಮುಂದಿಟ್ಟ.

"ವಿಳಾಸ ಬದಲಾವಣೆ ಫಾರಂ ಅಕ್ಕ. ನೀವೇ ತುಂಬಿಕೊಟ್ರೆ ಒಳ್ಳೇದು. ಮನೆ ಮಾರ್ತಿದ್ದೀರಂತೆ, ಬೀದಿಯೆಲ್ಲ ಹೇಳ್ತಿದೆ. ಮನೆ ಹಿಂದೆ ಹೊಳೆ ಇದೆ ಅಂತಾನೂ ಹಾಕಿದ್ದೀರಂತೆ. ಹತ್ತು ವರ್ಷದಿಂದ ಆ ಬೀದಿಗೆ ಬರ್ತಿದ್ದೀನಿ, ನಾನೊಂದಿನಾನೂ ನೋಡಿಲ್ಲ."

ಅವಳು ಮನೆಗೆ ಬಂದ ವೇಗಕ್ಕೆ ಹಸಿರು ಗೇಟಿನ ಒಂದು ಕೀಲು ಕಳಚಿತು.

"ರೀ, ಮನೆ ಮಾರೋಕೆ ಇಟ್ಟಿದ್ದೀರಾ?"

"ನಾನಾ? ಮನೆ ಇದೆಯಾ ಅಂತ ಕೇಳಿದ್ರು. ಇದೆ ಅಂದೆ."

ಹೆಂಡತಿ ಮೊಬೈಲು ಕಿತ್ತುಕೊಂಡು ಓದಿದಳು. ಜಲಾಶಯದ ತನಕ ಸುಮ್ಮನೆ ಓದಿದಳು. ಹೊಳೆಗೆ ಬಂದಾಗ ಕುರ್ಚಿ ಎಳೆದುಕೊಂಡು ಕೂತಳು. ಮಾರಾಟ ರದ್ದು ಮಾಡಿ ಎಂದು ಬರೆದದ್ದಕ್ಕೆ, ನಿಮ್ಮ ಕೋರಿಕೆಯನ್ನು ಎರಡು ಕೆಲಸದ ದಿನಗಳೊಳಗೆ ಪರಿಶೀಲಿಸುತ್ತೇವೆಂಬ ವಿನಯವಾದ ಉತ್ತರ ಬಂತು. ಮರುದಿನ ಭಾನುವಾರ.

"ಬಂದವರನ್ನ ಬಾಗಿಲಲ್ಲೇ ನಿಲ್ಲಿಸಿ ಕಳಿಸಿಬಿಡೋಣ," ಎಂದಳು.

ಬಾಗಿಲಲ್ಲಿ ನಿಲ್ಲಿಸಲು ಒಬ್ಬಿಬ್ಬರು ಬಂದರೆ ಸರಿ. ಏಳೂವರೆಗೆ ಇಪ್ಪತ್ತು ಜನ ಬಂದರು. ಗೇಟಿನ ಮುಂದೆ ಕಾರುಗಳ ಸಾಲಾಯಿತು. ಸಾಲು ನೋಡಿ, ಏನು ನಡೆಯುತ್ತಿದೆಯೆಂದು ಬೀದಿಯವರೂ ಬಂದರು. "ತಪ್ಪಾಗಿದೆ, ಮನೆ ಮಾರಾಟಕ್ಕಿಲ್ಲ," ಎಂದು ಹೆಂಡತಿ ಹೇಳುತ್ತಿದ್ದಂತೆ ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾರೋ ಆಗಲೇ ಮುಂಗಡ ಕೊಟ್ಟಿರಬೇಕೆಂದು ಅವರಿಗೆ ಖಾತ್ರಿಯಾಯಿತು. ನುಗ್ಗಿದರು.

ಒಬ್ಬರು ಗೋಡೆ ಬಡಿದು ನೋಡಿದರು. ಒಬ್ಬರು ಬೀರು ತೆರೆದು ಆಳ ನೋಡಿದರು. ಚಿನ್ನದ ಕಟ್ಟಿನ ಕನ್ನಡಕದ ಹೆಂಗಸೊಬ್ಬರು ಮಹಡಿ ಹತ್ತಿ ಇಳಿದು ಬಂದು, "ಜಲಾಶಯ ಎಲ್ಲಿದೆ?" ಎಂದರು.

"ಮೇಲೇ ಇದೆಯಲ್ಲ. ಕಪ್ಪು ಬಣ್ಣದ್ದು," ಎಂದರು ಮೇಷ್ಟ್ರು.

"ಅದು ಟ್ಯಾಂಕು."

"ನೀರು ತುಂಬಿ ನಿಲ್ಲಿಸಿದ್ದೀವಿ. ಜಲಾಶಯ ಅಂದ್ರೆ ಇನ್ನೇನು ತಾಯಿ?"

"ಮತ್ತೆ ಋತುಮಾನದ ಹೊಳೆ?"

ಮೇಷ್ಟ್ರು ಅಡುಗೆಮನೆಯ ಕಿಟಕಿ ತೋರಿಸಿದರು. ಅಲ್ಲಿ ದೊಡ್ಡಪ್ಪ ಎಂದಿನಂತೆ ಪತ್ರಿಕೆ ಹಿಡಿದು ಕೂತಿದ್ದರು. ತಲೆ ಎತ್ತದೆ ಹೇಳಿದರು: "ನೀರು ಮಳೆಗಾಲದಲ್ಲಿ ಮಾತ್ರ. ವಾಸನೆ ಹನ್ನೆರಡು ತಿಂಗಳೂ ಇರುತ್ತೆ. ಆ ಗೋಡೆಗೆ ಒರಗಬೇಡಿ, ಸುಣ್ಣ ಮೈಗೆ ಹತ್ತುತ್ತೆ."

ಕನ್ನಡಕದ ಹೆಂಗಸು ಸೀರೆ ಕೊಡವಿಕೊಂಡು ಹೊರಗೆ ಹೊರಟರು. ಅಷ್ಟರಲ್ಲಿ ಬಾಗಿಲಿನಿಂದ ದಪ್ಪನೆಯ ಮನುಷ್ಯನೊಬ್ಬ ಒಳಗೆ ಬಂದ. ಅಡುಗೆಮನೆಯ ಹೊಸ್ತಿಲಲ್ಲಿ ಒಂದು ಕಾಲಿಟ್ಟವನು ಕುರ್ಚಿಯತ್ತ ನೋಡಿ, ಬಿಸಿ ಕಾವಲಿ ಮೆಟ್ಟಿದವನಂತೆ ಕಾಲು ಹಿಂದಕ್ಕೆ ತೆಗೆದ.

"ಇವರು ಇನ್ನೂ ಬರ್ತಾರಾ?"

"ನೀವು ಯಾರು?" ಎಂದರು ಮೇಷ್ಟ್ರು.

"ಈ ಮನೆಗೆ ನಾನು ನಾಲ್ಕನೇ ಮಾಲೀಕ. ಮತ್ತೆ ಮಾರಾಟಕ್ಕೆ ಬಂದಿದೆ ಅಂತ ನೋಡಿದೆ. ಕಾಟ ತಪ್ಪಿದ್ರೆ ವಾಪಸ್ ತಗೊಳ್ಳೋಣ ಅಂತ ಬಂದೆ."

ಇಪ್ಪತ್ತು ಜನವೂ ಅಡುಗೆಮನೆಯ ಸುತ್ತ ಸೇರಿದರು. ಬೀರುವಿನೊಳಗೆ ತಲೆ ಹಾಕಿದ್ದವರೂ ತಲೆ ತೆಗೆದರು.

"ಮೊದಲ ದಿನ ಕಾಫಿಗೆ ಬಂದ್ರು, ಸಂತೋಷ ಅಂದ್ವಿ," ಎಂದ ನಾಲ್ಕನೇ ಮಾಲೀಕ. "ಎರಡನೇ ದಿನ ಬಂದ್ರು, ಆಗಲಿ ಅಂದ್ವಿ. ಹತ್ತನೇ ದಿನ ಮುಂದಿನ ಬಾಗಿಲಿಗೆ ಬೀಗ ಹಾಕಿದ್ವಿ. ಹೋದೆಯಾ ಪಿಶಾಚಿ ಅಂದ್ರೆ ಬಂದೆ ಗವಾಕ್ಷೀಲಿ ಅನ್ನೋ ಹಾಗೆ ಹಿಂದಿನ ಬಾಗಿಲಿಂದ ಬಂದು, ಚಿಲಕ ಸಡಿಲ ಆಗಿದೆ, ಸರಿ ಮಾಡಿಸಿ ಅಂದ್ರು. ನಮಗಿಂತ ಮುಂಚೆ ಇದ್ದವರು ನಾಯಿ ಸಾಕಿದ್ರಂತೆ. ಆ ನಾಯಿ ಇವರ ಹಿಂದೆಯೇ ಹೋಗಿಬಿಡ್ತಂತೆ. ಆರು ಸಂಸಾರ ಖಾಲಿ ಮಾಡಿಸಿದ್ದಾರೆ ಸಾರ್ ಈ ಮಹಾನುಭಾವರು. ನೀವು ಒಂಬತ್ತು ವರ್ಷ ಹೇಗೆ ತಡ್ಕೊಂಡ್ರಿ?"

ಮೇಷ್ಟ್ರು ಅವನ ಕಿವಿಯ ಹತ್ತಿರ ಬಾಗಿ, "ಏನು ಮಾಡೋದು, ಹೆಂಡತಿ ಕಡೆಯವರು," ಎಂದರು.

ಅದೇ ಗಳಿಗೆಗೆ ಹಿಂದಿನಿಂದ ಹೆಂಡತಿ, "ಏನು ಮಾಡೋದು, ಯಜಮಾನರ ಕಡೆಯವರು," ಎಂದಳು.

ಇಬ್ಬರೂ ಒಬ್ಬರತ್ತ ಒಬ್ಬರು ತಿರುಗಿದರು.

"ಯಾರ ಕಡೆಯವರು?" ಎಂದಳು ಹೆಂಡತಿ.

"ನಿನ್ನ ಕಡೆಯವರು. ನಿಮ್ಮ ದೊಡ್ಡಪ್ಪ."

"ನನಗೆ ದೊಡ್ಡಪ್ಪ ಎಲ್ಲಿಂದ ಬರಬೇಕು? ನಮ್ಮ ಮನೇಲಿ ನಮ್ಮಪ್ಪನೇ ಹಿರಿಯವರು."

"ನಮ್ಮಪ್ಪ ಒಬ್ಬನೇ ಮಗ ಕಣೇ."

"ಮತ್ತೆ ಮೊದಲ ಸಲ ಮನೆ ನೋಡೋಕೆ ಬಂದ ದಿನ, 'ಬಾರಪ್ಪ, ಎಷ್ಟು ಇಳಿದುಹೋಗಿದ್ದೀಯ' ಅಂತ ನಿಮ್ಮ ಬೆನ್ನು ತಟ್ಟಿದ್ರಲ್ಲ?"

"ನಿನಗೂ 'ಬಂದೆಯಾ ಮಗಳೇ' ಅಂದ್ರಲ್ಲ? ದೊಡ್ಡಪ್ಪ ಹತ್ತಿರ ಇದ್ದಾರೆ ಅಂತಲೇ ನೀನು ಈ ಮನೆ ಹಟ ಹಿಡಿದೆ ಅಂದ್ಕೊಂಡಿದ್ದೆ."

"ನಾನು ನಿಮ್ಮ ದೊಡ್ಡಪ್ಪ ಇದ್ದಾರಲ್ಲ ಅಂತ ಒಪ್ಪಿದ್ದು. ಮದುವೆ ಮುಂಜಿ ಯಾವುದಕ್ಕೂ ನಿಮ್ಮ ಕಡೆಯವರು ಇವರನ್ನ ಕರೀತಿರಲಿಲ್ಲ. ಆಸ್ತಿ ಜಗಳ ಇರಬೇಕು, ಕೆದಕಬಾರದು ಅಂತ ಸುಮ್ಮನಿದ್ದೆ."

"ನಾನೂ ಅದಕ್ಕೇ ಸುಮ್ಮನಿದ್ದೆ," ಎಂದರು ಮೇಷ್ಟ್ರು.

ಎಲ್ಲರೂ ಕುರ್ಚಿಯ ಕಡೆ ತಿರುಗಿದರು. ಮುದುಕರು ಪತ್ರಿಕೆಯನ್ನು ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟರು.

"ನಾನು ಯಾರ ಕಡೆಯವನು ಅಂತ ಯಾವತ್ತೂ ಹೇಳಿಲ್ಲ," ಎಂದರು. "ನೀವೂ ಕೇಳಲಿಲ್ಲ."

ಎದ್ದು ಲೋಟ ತೊಳೆದು ಬೋರಲಿಟ್ಟರು. ಜನ ತಾವಾಗಿಯೇ ದಾರಿ ಬಿಟ್ಟರು. ಯಾರ ಮುಖವನ್ನೂ ನೋಡದೆ ಬೀದಿ ದಾಟಿ ತಮ್ಮ ಮನೆಯ ಬಾಗಿಲು ಹಾಕಿಕೊಂಡರು. ಅರ್ಧ ಗಂಟೆಯೊಳಗೆ ಕಾರುಗಳೂ ಹೊರಟವು. ನಿತ್ಯ ಬರುವ ಅತಿಥಿಯ ಸಮೇತ ಮನೆ ಕೊಳ್ಳುವಷ್ಟು ಧೈರ್ಯ ಇಪ್ಪತ್ತು ಜನದಲ್ಲಿ ಒಬ್ಬರಿಗೂ ಇರಲಿಲ್ಲ.

ಸೋಮವಾರ ಆರೂವರೆಗೆ ಗೇಟು ಕಿರ್ರೆನ್ನಲಿಲ್ಲ.

"ಒಳ್ಳೇದೇ ಆಯ್ತು," ಎಂದರು ಮೇಷ್ಟ್ರು.

"ಹೂಂ," ಎಂದಳು ಹೆಂಡತಿ. ಹಾಲು ಉಕ್ಕಿ ಒಲೆ ಆರಿತು. ಉಕ್ಕುವ ಮೊದಲು "ಹಾಲು" ಎಂದು ಹೇಳುತ್ತಿದ್ದವರು ಯಾರೆಂದು ಆಗ ಇಬ್ಬರಿಗೂ ಹೊಳೆಯಿತು. ಪತ್ರಿಕೆ ಮೊದಲ ಸಲ ಮಡಿಕೆ ಬಿಚ್ಚದೆ ಮೇಷ್ಟ್ರ ಕೈಗೆ ಬಂತು. ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಇಟ್ಟುಬಿಟ್ಟರು.

ಮಂಗಳವಾರ ಇನ್ನೂ ಕೆಟ್ಟಿತು. ಇವತ್ತು ಯಾವ ವಾರ, ಯಾವ ತಾರೀಖು ಎಂದು ದಿನವೂ ಗಟ್ಟಿಯಾಗಿ ಓದಿ ಹೇಳುತ್ತಿದ್ದವರಿಲ್ಲದೆ, ಮೇಷ್ಟ್ರು ಮಂಗಳವಾರವನ್ನು ಸೋಮವಾರವೆಂದೇ ನಡೆಸಿ ಏಳನೇ ತರಗತಿಗೆ ನಿನ್ನೆಯ ಪಾಠವನ್ನೇ ಮಾಡಿದರು. ಮಕ್ಕಳು ಹೇಳಲಿಲ್ಲ, ಮಕ್ಕಳಿಗೂ ಗೊತ್ತಾಗಿರಲಿಲ್ಲ. ಅಂಚೆ ಕಚೇರಿಯಲ್ಲಿ ಹೆಂಡತಿ ಹದಿನಾರು ವರ್ಷದಲ್ಲಿ ಮೊದಲ ಬಾರಿಗೆ ಮುದ್ರೆಯ ತಾರೀಖು ತಿರುಗಿಸಲು ಮರೆತು, ಇನ್ನೂರು ಲಕೋಟೆಗಳನ್ನು ಹಿಂದಿನ ದಿನವೇ ಕಳಿಸಿದಳು. ಸಂಜೆ ವೆಬ್‌ಸೈಟಿನವರಿಂದ, ನಿಮ್ಮ ಕೋರಿಕೆಯಂತೆ ಮನೆಯನ್ನು ಮಾರಾಟದಿಂದ ತೆಗೆದಿದ್ದೇವೆ ಎಂದು ಬಂತು. ಯಾರಿಗೂ ಅದರಿಂದ ಸಂತೋಷವಾದಂತೆ ಕಾಣಲಿಲ್ಲ.

ಆಗ ಟೈಲರಮ್ಮ ಕಾಂಪೌಂಡಿನ ಮೇಲಿಂದ ಇಣುಕಿ, "ಅಂತೂ ನಿಮಗೆ ಬಿಡುಗಡೆ ಆಯ್ತಲ್ಲ," ಎಂದಳು. "ಬೆಳಿಗ್ಗೆ ನಮ್ಮ ಗೇಟಿನ ಹತ್ರ ನಿಂತಿದ್ರು ನಿಮ್ಮ ದೊಡ್ಡಪ್ಪ. ನಾನು ನೋಡೇ ಇಲ್ಲ ಅನ್ನೋ ಹಾಗೆ ಬಾಗಿಲು ಹಾಕ್ಕೊಂಡೆ."

"ನೀವ್ಯಾಕೆ ಬಾಗಿಲು ಹಾಕಿದ್ರಿ?" ಎಂದಳು ಮೇಷ್ಟ್ರ ಹೆಂಡತಿ. ದನಿಯಲ್ಲಿದ್ದ ಖಾರಕ್ಕೆ ಅವಳಿಗೇ ಆಶ್ಚರ್ಯವಾಯಿತು.

ಬುಧವಾರ ಆರೂವರೆಗೆ ಗಂಡ ಹೆಂಡಿರು ಬೀದಿ ದಾಟಿದರು. ಒಂಬತ್ತು ವರ್ಷದಲ್ಲಿ ಆ ಮನೆಗೆ ಹೋದದ್ದು ಅದೇ ಮೊದಲು. ಆಕಾಶದಲ್ಲಿ ಸೂರ್ಯ ಆಗಲೇ ಮೂಡಿದ್ದ. ಆದರೆ ಅರ್ಧ ಬೀದಿ ದಾಟಿದರೂ, ಮುದುಕರ ಜಗಲಿ ಹತ್ತಿದರೂ ಅವರಿಬ್ಬರು ಇನ್ನೂ ನೆರಳಲ್ಲೇ ಇದ್ದರು. ಮೇಷ್ಟ್ರು ತಿರುಗಿ ನೋಡಿದರು. ಅದು ಅವರದೇ ಮಹಡಿ ಮನೆಯ ನೆರಳು. ಬೆಳಗಿನ ನೆರಳು ಪಡುವಣಕ್ಕೆ ಉದ್ದವಾಗಿ ಬೀಳುತ್ತದೆಂದು ಇಪ್ಪತ್ತು ವರ್ಷದಿಂದ ಪಾಠ ಹೇಳಿದವರು, ಅದು ಎಲ್ಲಿ ಬೀಳುತ್ತದೆಂದು ನೋಡಿದ್ದು ಅಂದೇ.

ಒಳಗೆ ಹೊತ್ತು ಹುಟ್ಟಿದ ಮೇಲೂ ದೀಪ ಉರಿಯುತ್ತಿತ್ತು. ಮುದುಕರು ಸ್ವೆಟರ್ ಹಾಕಿಕೊಂಡು ಕೂತಿದ್ದರು.

"ಚಳೀನಾ ದೊಡ್ಡಪ್ಪ?" ಎಂದಳು ಹೆಂಡತಿ.

"ಇಪ್ಪತ್ತು ವರ್ಷದಿಂದ ಚಳಿ," ಎಂದರು. "ಈ ಮನೆ ತಗೊಂಡಾಗ ಎದುರಿಗೆ ಖಾಲಿ ಜಾಗ ಇತ್ತು. ಆರೂವರೆಗೆ ಬಿಸಿಲು ನೇರ ಈ ಕುರ್ಚಿಗೆ ಬರ್ತಿತ್ತು. ಆಮೇಲೆ ನಿಮ್ಮ ಮಹಡಿ ಎದ್ದಿತು. ಬಿಸಿಲು ನಿಮ್ಮ ಅಡುಗೆಮನೆಗೆ ಹೋಯ್ತು. ನಾನೂ ಅದರ ಹಿಂದೆ ಬಂದೆ."

"ಹೇಳಬಹುದಿತ್ತಲ್ಲ," ಎಂದರು ಮೇಷ್ಟ್ರು.

"ಮೊದಲನೇ ಮಾಲೀಕನಿಗೆ ಹೇಳಿದ್ದೆ. ಬಿಸಿಲು ನಿನ್ನಪ್ಪಂದಾ ಅಂದ. ಆಮೇಲೆ ಯಾರಿಗೂ ಹೇಳಲಿಲ್ಲ, ಸುಮ್ಮನೆ ಬಂದು ಕೂತೆ." ಸ್ವೆಟರಿನ ತೋಳು ಎಳೆದುಕೊಂಡು, "ಮೂವತ್ತೆರಡು ವರ್ಷ ಕಾರ್ಖಾನೇಲಿ ತಪಾಸಣೆ ಕೆಲಸ ಮಾಡಿದೋನು. ಕೂತ ಕಡೆ ಏನು ಸರಿ ಇಲ್ಲ ಅಂತ ಬಾಯಿಗೆ ಬಂದುಬಿಡುತ್ತೆ. ಮದುವೆಯಾಗದೆ ಉಳಿದದ್ದೂ ಅದಕ್ಕೇ," ಎಂದರು.

"ಏಳಿ, ಕಾಫಿ ಆರುತ್ತೆ," ಎಂದಳು ಹೆಂಡತಿ.

"ಈಗ ಹೇಗೆ ಬರೋದು? ಯಾರ ಕಡೆಯವನು ಅಂತ ಬರಲಿ?"

"ನನ್ನ ಕಡೆಯವರು ಅಂತ ಬನ್ನಿ," ಎಂದರು ಮೇಷ್ಟ್ರು ಉದಾರವಾಗಿ.

"ಅದು ಹೇಗಾಗುತ್ತೆ?" ಎಂದಳು ಹೆಂಡತಿ. "ಒಂಬತ್ತು ವರ್ಷ ನನ್ನ ಕಡೆಯವರು ಅಂತ ಸಹಿಸ್ಕೊಂಡಿದ್ದೀರಿ. ಆ ಪುಣ್ಯ ಎಲ್ಲ ನೀರಲ್ಲಿ ಹೋಮ ಆಗುತ್ತೆ. ನನಗೆ ದೊಡ್ಡಪ್ಪ ಇಲ್ಲ, ಇವರು ನನ್ನ ಕಡೆಗೇ ಇರಲಿ."

ಮುದುಕರು ಇಬ್ಬರನ್ನೂ ನೋಡಿದರು. ಚೌಕಾಸಿ ತಮ್ಮ ಪರವಾಗಿ ನಡೆದದ್ದು ಅವರ ಜೀವಮಾನದಲ್ಲಿ ಅದೇ ಮೊದಲಿರಬೇಕು. ಸ್ವೆಟರ್ ಬಿಚ್ಚಿ ಕುರ್ಚಿಯ ಮೇಲೆ ಹಾಕಿ, ದೀಪ ಆರಿಸಿದರು.

"ಹೆಣ್ಣಿನ ಕಡೆ ಆಗಲಿ. ಅದೇ ಗಟ್ಟಿ," ಎಂದರು.

ಮರುದಿನ ದೊಡ್ಡಪ್ಪ ಆರು ಗಂಟೆಗೇ ಬಂದರು. ಒಗೆದ ಅಂಗಿ, ಬಾಚಿದ ತಲೆ. ಮೇಷ್ಟ್ರನ್ನು ಕಂಡವರೇ, "ಏನು ಅಳಿಯಂದ್ರೇ, ಆರೋಗ್ಯವಾ?" ಎಂದರು. ಒಂಬತ್ತು ವರ್ಷದಲ್ಲಿ ಸಿಗದ ಮರ್ಯಾದೆಗೆ ಮೇಷ್ಟ್ರು ಹಿಗ್ಗಿಹೋದರು. "ಅಂಗಿ ಗುಂಡಿ ಒಂದು ಮೇಲೆ ಒಂದು ಕೆಳಗೆ ಹಾಕ್ಕೊಂಡಿದ್ದೀರಿ," ಎಂಬುದೂ ಕೂಡಲೇ ಬಂತು. ಹೊರಗೆ ಗೇಟಿನ ಹತ್ತಿರ ಡ್ರೈವಿಂಗ್ ಸ್ಕೂಲಿನವನು, ಇನ್ನು ನೀವು ಹೋಗುವುದಿಲ್ಲವಲ್ಲ ಎಂದು ಏಣಿ ವಾಪಸು ಕೇಳಲು ನಿಂತಿದ್ದ.

ಎಂಟು ಹೊಡೆಯಿತು. ಕಾಫಿಯ ಲೋಟ ತೊಳೆಯದೆ ಮೇಜಿನ ಮೇಲೇ ಇತ್ತು. ಎಂಟೂಕಾಲಾಯಿತು. ಮೇಷ್ಟ್ರು ಚೀಲ ಹೆಗಲಿಗೆ ಹಾಕಿದರು; ಹೆಂಡತಿ ಚಪ್ಪಲಿ ಮೆಟ್ಟಿದಳು. ದೊಡ್ಡಪ್ಪ ಕಿಟಕಿಯ ಬಿಸಿಲಿಗೆ ಕಾಲು ಚಾಚಿದರು.

"ಹೊರಡಲ್ವಾ ದೊಡ್ಡಪ್ಪ?" ಎಂದರು ಮೇಷ್ಟ್ರು.

"ಹೊರಗಿನವನಾಗಿದ್ದಾಗ ಕಾಫಿ ಕುಡಿದು ಎದ್ದು ಹೋಗ್ತಿದ್ದೆ. ಈಗ ಮಗಳ ಮನೆ. ಊಟ ಮಾಡದೆ ಎದ್ದುಹೋದ್ರೆ ನೋಡಿದವರು ನಿಮಗೇ ಅಂತಾರೆ. ನೀವು ಹೋಗಿ ಬನ್ನಿ. ಬೀಗದ ಕೈ ಇಲ್ಲಿಟ್ಟು ಹೋಗಿ."

ಹೆಂಡತಿ ಗೊಂಚಲಿನಿಂದ ಒಂದು ಬೀಗದ ಕೈ ಬಿಡಿಸಿ ಮೇಜಿನ ಮೇಲಿಟ್ಟಳು.

ಬಸ್ ನಿಲ್ದಾಣಕ್ಕೆ ಬಂದ ಮೇಲೆ ಮೇಷ್ಟ್ರು ಮೆಲ್ಲಗೆ, "ಏನೇ, ಬೀಗದ ಕೈನೇ ಕೊಟ್ಟುಬಿಟ್ಟೆಯಲ್ಲ?" ಎಂದರು.

"ನಂದೆಲ್ಲಿ ಕೊಟ್ಟೆ? ಅದು ನಿಮ್ಮದು," ಎಂದಳು ಹೆಂಡತಿ. "ನಿಮ್ಮ ಹತ್ರ ಇದ್ದು ಏನು ಪ್ರಯೋಜನ? ನೀವು ಬಂದು ಮುಟ್ಟೋ ಹೊತ್ತಿಗೆ ಬಾಗಿಲು ತೆಗೆಯೋಕೆ ಅವರಾದ್ರೂ ಇರ್ತಾರೆ. ನಡೀರಿ, ಬಸ್ಸು ಬಂತು. ಅದಲ್ಲ, ಹಿಂದಿನದು."